ಬೇಸಿಗೆ ಶಿಬಿರದಲ್ಲಿ ಡಿಎನ್‌ಎ ಪ್ರಯೋಗ: ಬಾಳೆಹಣ್ಣಿನಿಂದ ಜೆಲ್‌ವರೆಗೆ ಮಕ್ಕಳ ಕೈಯಲ್ಲೇ ಮಾಡಿಸುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್, ಮೇ ಬಂತೆಂದರೆ ವಿಜ್ಞಾನ ಶಿಬಿರ ನಡೆಸುವ ಶಿಕ್ಷಕರ ದೂರು ಹೆಚ್ಚುಕಡಿಮೆ ಒಂದೇ. "ಬಾಳೆಹಣ್ಣಿನ ಡಿಎನ್‌ಎ ಬರಲೇ ಇಲ್ಲ, ಬರೀ ನೊರೆ ಬಂತು." "ಕಿಟ್ ತರಿಸಿ ಜೆಲ್ ಓಡಿಸಿದೆವು, ಒಂದು ಗೆರೆಯೂ ಕಾಣಲಿಲ್ಲ." "ಕೊನೆಗೆ ನಾವೇ ಮಾಡಿ ತೋರಿಸಿದೆವು, ಮಕ್ಕಳು ಸುತ್ತ ನಿಂತು ನೋಡಿದರು."

ಜೆಲ್ ಅಂದರೆ ಗಟ್ಟಿ ಜೆಲ್ಲಿಯ ಹಲಗೆ. ಅದರ ಗುಂಡಿಗಳಿಗೆ, ಅಂದರೆ ಸಣ್ಣ ಕುಳಿಗಳಿಗೆ, ಡಿಎನ್‌ಎ ಹಾಕಿ ಕರೆಂಟ್ ಕೊಟ್ಟರೆ ಸಣ್ಣ ತುಂಡು ದೂರ ಓಡುತ್ತದೆ, ದೊಡ್ಡದು ಹತ್ತಿರ ಉಳಿಯುತ್ತದೆ, ಬೇರೆ ಬೇರೆ ಗೆರೆಗಳಾಗಿ ಕಾಣುತ್ತವೆ.

ಈ ದೂರುಗಳಿಗೆ ಸಾಮಾನು ಕಡಿಮೆಯಾಗಿದ್ದು ಕಾರಣವಲ್ಲ. ಬಹಳ ಸಲ ಕಾರಣ ಒಂದೇ: ಹಂತಗಳ ಕ್ರಮ ತಪ್ಪಿರುತ್ತದೆ. ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕುವ ಪಿಪೆಟ್ ಹಿಡಿಯಲು ಬಾರದ ಮಗುವಿನ ಕೈಗೆ ಮೊದಲ ದಿನವೇ ದುಬಾರಿ ಡಿಎನ್‌ಎ ಕೊಡುತ್ತೇವೆ. ಅದು ಗುಂಡಿಯ ಹೊರಗೆ ಚೆಲ್ಲುತ್ತದೆ. ಆಮೇಲೆ ನಾವು ಬಣ್ಣವನ್ನೋ ಕರೆಂಟನ್ನೋ ಬೈಯುತ್ತೇವೆ. ಮೊದಲು ಕೈ ಪಳಗಬೇಕು, ಡಿಎನ್‌ಎ ಆಮೇಲೆ. ಈ ಮಾರ್ಗದರ್ಶಿ ಪೂರ್ತಿ ಆ ಕ್ರಮದ ಮೇಲೆ ನಿಂತಿದೆ.

ಇಲ್ಲಿ ಲೆಕ್ಕ ಹಾಕಿರುವುದು 8ರಿಂದ 10ನೇ ತರಗತಿಯ 24 ಮಕ್ಕಳಿಗೆ, 5 ದಿನಕ್ಕೆ, ದಿನಕ್ಕೆ ಎರಡೂವರೆ ಗಂಟೆಗೆ. ಮೂವರಿಗೆ ಒಂದು ಗುಂಪು, ಒಟ್ಟು 8 ಗುಂಪು. ಒಬ್ಬರು ಮಾಡುವವರು, ಒಬ್ಬರು ಹಂತ ಓದಿ ಹೇಳುವವರು, ಒಬ್ಬರು ಬರೆಯುವವರು. ಪ್ರತಿ ಹಂತಕ್ಕೂ ಈ ಕೆಲಸ ಬದಲಾಗಲೇಬೇಕು. ಬದಲಾಯಿಸದಿದ್ದರೆ ಜೋರು ಮಗು ಐದೂ ದಿನ ಪಿಪೆಟ್ ಹಿಡಿದಿರುತ್ತದೆ, ಮೆತ್ತನೆಯ ಮಗು ಐದೂ ದಿನ ಬರೆಯುತ್ತಿರುತ್ತದೆ.

## ಐದು ದಿನಗಳ ಕ್ರಮ

1. ಮೊದಲ ದಿನ: ಹಣ್ಣಿನಿಂದ ಡಿಎನ್‌ಎ ತೆಗೆಯುವುದು. ಇದಕ್ಕೆ ಪಿಪೆಟ್ ಬೇಡ. ಕಣ್ಣಿಗೆ ಕಾಣುವ ಫಲಿತಾಂಶ ಬರುತ್ತದೆ, ಮಕ್ಕಳಿಗೆ ಆಸೆ ಹುಟ್ಟುತ್ತದೆ.
2. ಎರಡನೇ ದಿನ: ಬರೀ ಪಿಪೆಟ್. ಬಣ್ಣದ ನೀರು ಮಾತ್ರ.
3. ಮೂರನೇ ದಿನ: ಜೆಲ್ ಹಾಕುವುದು, ಅದರಲ್ಲಿ ಅಡುಗೆ ಬಣ್ಣ ಓಡಿಸುವುದು.
4. ನಾಲ್ಕನೇ ದಿನ: ನಿಜವಾದ ಡಿಎನ್‌ಎ ಜೆಲ್.
5. ಐದನೇ ದಿನ: ಗೆರೆ ಓದುವುದು, ಅಳೆಯುವುದು, ಬರೆಯುವುದು.

ಮೂರು ದಿನ ಮಾತ್ರ ಇದೆಯೇ? ಹಾಗಾದರೆ ಮೊದಲ ಮೂರು ದಿನದ್ದನ್ನಷ್ಟೇ ಮಾಡಿ. ನಾಲ್ಕು ಮತ್ತು ಐದನ್ನು ತುರುಕಬೇಡಿ. ಅಡುಗೆ ಬಣ್ಣದ ಜೆಲ್ಲನ್ನು ಸರಿಯಾಗಿ ಓಡಿಸಿದ ಮಗು, ಖಾಲಿ ಡಿಎನ್‌ಎ ಜೆಲ್ ನೋಡಿದ ಮಗುವಿಗಿಂತ ಜಾಸ್ತಿ ಕಲಿತಿರುತ್ತದೆ.

## ಹಂತ 0: ಶಿಬಿರಕ್ಕೆ ಒಂದು ವಾರ ಮುಂಚೆ

ಎಲ್ಲ ಪ್ರಯೋಗವನ್ನೂ ಒಮ್ಮೆ ಪೂರ್ತಿ ಮಾಡಿ. ಮನೆಯಲ್ಲಿ ಅಲ್ಲ. ಶಿಬಿರ ನಡೆಯುವ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಸಾಮಾನಿನಲ್ಲಿ. ಮೇ ತಿಂಗಳ ರಾಯಚೂರಿನ ಕೋಣೆಗೂ ಮಡಿಕೇರಿಯ ಕೋಣೆಗೂ ತುಂಬಾ ವ್ಯತ್ಯಾಸ ಇದೆ. ಅದು ಪ್ರಯೋಗದ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ. ಎಲ್ಲಿ ಹೇಗೆ ಅಂತ ಮುಂದೆ ಹೇಳುತ್ತೇನೆ.

ಊರಲ್ಲೇ ಸಿಗುವ ಸಾಮಾನು: ಮಾಗಿದ ಬಾಳೆಹಣ್ಣು, ಈರುಳ್ಳಿ ಅಥವಾ ಫ್ರೋಜನ್ ಬಟಾಣಿ, ಪುಡಿ ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್, ಜಿಪ್ ಕವರ್, ತೆಳು ಪಂಚೆ ಬಟ್ಟೆ ಅಥವಾ ಕಾಫಿ ಫಿಲ್ಟರ್ ಪೇಪರ್, ಪಾರದರ್ಶಕ ಲೋಟ ಅಥವಾ ಟೆಸ್ಟ್ ಟ್ಯೂಬ್, ಬಿದಿರು ಕಡ್ಡಿ, ಥರ್ಮೋಕೋಲ್ ಡಬ್ಬಿ, ಐಸ್, ಅಡುಗೆ ಬಣ್ಣ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಥರ್ಮಾಮೀಟರ್, ಕೈಗವಸು, ಕನ್ನಡಕ.

ತರಿಸಬೇಕಾದ್ದು: ಐಸೊಪ್ರೊಪೈಲ್ ಆಲ್ಕೋಹಾಲ್, ಅಗರೋಸ್ ಪುಡಿ (ಜೆಲ್ ಮಾಡಲು), 50 ಪಟ್ಟು ಗಟ್ಟಿಯ ಟಿಎಇ ಬಫರ್ (ಜೆಲ್‌ನಲ್ಲಿ ಕರೆಂಟ್ ಹರಿಸುವ ಲವಣ ದ್ರಾವಣ), ಮೈಕ್ರೋಪಿಪೆಟ್ ಮತ್ತು ಅದರ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಟಿಪ್, ಜೆಲ್ ಪೆಟ್ಟಿಗೆ, ಲ್ಯಾಂಬ್ಡಾ ಡಿಎನ್‌ಎ (ಒಂದು ವೈರಸ್‌ನದ್ದು), ಲೋಡಿಂಗ್ ಡೈ (ಡಿಎನ್‌ಎ ಗುಂಡಿಯೊಳಗೆ ಇಳಿಯುವಂತೆ ಬೆರೆಸುವ ಭಾರದ ಬಣ್ಣ). ಪಿಪೆಟ್ ಮತ್ತು ಜೆಲ್ ಪೆಟ್ಟಿಗೆ ಕೊಳ್ಳುವ ಮುಂಚೆ ಹತ್ತಿರದ ಡಿಗ್ರಿ ಕಾಲೇಜಿನ ಬಯೋಟೆಕ್ನಾಲಜಿ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ಬೇಸಿಗೆಯಲ್ಲಿ ಅವರ ಲ್ಯಾಬ್ ಹೆಚ್ಚಾಗಿ ಖಾಲಿ ಇರುತ್ತದೆ.

ಕೊಳ್ಳುವಾಗ ಮೂರು ವಿಷಯ ಗಮನದಲ್ಲಿರಲಿ.

ಆಲ್ಕೋಹಾಲ್ ಬಾಟಲಿಯ ಮೇಲೆ 99% ಅಂತ ಇರಬೇಕು. 70% ಇದ್ದರೆ ಅದರಲ್ಲಿ ಆಗಲೇ ನೀರು ಸೇರಿದೆ, ಡಿಎನ್‌ಎ ಸರಿಯಾಗಿ ಹೊರಗೆ ಬರುವುದಿಲ್ಲ. ಸ್ಯಾನಿಟೈಸರ್ ಬೇಡವೇ ಬೇಡ. ಪಾಲಿಶ್‌ಗೆ ಬಳಸುವ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು, ಅದು ವಿಷ. ಅದನ್ನು ಮಕ್ಕಳ ಹತ್ತಿರ ತರಬೇಡಿ.

ಬಫರ್‌ಗೆ ಬೋರ್‌ವೆಲ್ ನೀರು ಬಳಸಬೇಡಿ. ನಮ್ಮ ಬಹಳ ಊರುಗಳಲ್ಲಿ ಅದು ಗಡಸು ನೀರು. ಕರೆಂಟ್ ಜಾಸ್ತಿ ಹರಿದು ಜೆಲ್ ಬಿಸಿಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕು. ಬ್ಯಾಟರಿ ಅಂಗಡಿಯಲ್ಲಿ ತರುವುದಾದರೆ ಅದು ನೀರೇ ಹೌದೋ, ಆಸಿಡ್ ಅಲ್ಲವೋ ಅಂತ ಲೇಬಲ್ ಓದಿ ತನ್ನಿ.

ಎಥಿಡಿಯಂ ಬ್ರೋಮೈಡ್ ಶಿಬಿರಕ್ಕೆ ಬೇಡ. ಕಾಲೇಜಿನವರು ಕೊಟ್ಟರೂ ಬೇಡ ಅನ್ನಿ. ಅದು ಡಿಎನ್‌ಎಗೇ ಅಂಟಿಕೊಳ್ಳುವ ಬಣ್ಣ, ಜೀನ್‌ಗಳಲ್ಲಿ ಬದಲಾವಣೆ ತರಬಲ್ಲದು. ನೋಡಲು ಯುವಿ ಬೆಳಕು ಬೇರೆ ಬೇಕು, ಅದು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಮೆಥಿಲೀನ್ ಬ್ಲೂ ಸಾಕು. ದುಡ್ಡಿದ್ದರೆ ನೀಲಿ ಎಲ್‌ಇಡಿ ಬೆಳಕಿನಲ್ಲಿ ಹೊಳೆಯುವ ಸೈಬರ್ ಸೇಫ್ ಥರದ ಬಣ್ಣ.

ಸುರಕ್ಷತೆ: ಪ್ರಯೋಗದ ಮೇಜಿನ ಮೇಲೆ ಊಟ, ನೀರು ಇಲ್ಲ. ಬಾಳೆಹಣ್ಣು ಇರುವ ಕಡೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. ತಿನ್ನುವ ಹಣ್ಣು ಬೇರೆ, ಪ್ರಯೋಗದ ಹಣ್ಣು ಬೇರೆ ಕೋಣೆಯಲ್ಲಿರಲಿ. ಆಲ್ಕೋಹಾಲ್ ಇರುವ ಕೋಣೆಯಲ್ಲಿ ಸ್ಟವ್ ಹಚ್ಚಬೇಡಿ, ಕಿಟಕಿ ತೆಗೆದಿಡಿ.

## ಹಂತ 1: ಹಣ್ಣಿನಿಂದ ಡಿಎನ್‌ಎ (ಮೊದಲ ದಿನ)

1. ಆಲ್ಕೋಹಾಲ್ ತಣ್ಣಗೆ ಮಾಡಿ. ದಿನದ ಮೊದಲ ಕೆಲಸ ಇದು, ಕೊನೆಯದಲ್ಲ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಪುಡಿ ಮಾಡಿ, ಒಂದೆರಡು ಹಿಡಿ ಕಲ್ಲುಪ್ಪು ಬೆರೆಸಿ. ಉಪ್ಪು ಸೇರಿದ ಐಸ್ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಬಾಟಲಿಯ ಮುಚ್ಚಳ ಬಿಗಿ ಮಾಡಿ ಅದರಲ್ಲಿ ಹೂತಿಡಿ. ಮನೆ ಫ್ರಿಜ್‌ನ ಒಳಗೆ ಕಿಡಿ ಹಾರುವ ಸ್ವಿಚ್ ಇರಬಹುದು, ಆಲ್ಕೋಹಾಲ್ ಆವಿ ಹತ್ತಿಕೊಳ್ಳಬಹುದು. ಹಾಗಾಗಿ ಐಸ್ ಡಬ್ಬಿಯೇ ಒಳ್ಳೆಯದು.

2. ದ್ರಾವಣ ಮಾಡಿ. 90 ಎಂಎಲ್ ನೀರು, 10 ಎಂಎಲ್ ಪಾತ್ರೆ ತೊಳೆಯುವ ಲಿಕ್ವಿಡ್, 1.5 ಗ್ರಾಂ ಉಪ್ಪು. ಇದು 10 ಗುಂಪಿಗೆ ಸಾಕು, ಗುಂಪಿಗೆ 10 ಎಂಎಲ್. ನಿಧಾನವಾಗಿ ತಿರುಗಿಸಿ, ಕಲಕಬೇಡಿ. ಕಲಕಿದರೆ ನೊರೆ ಬರುತ್ತದೆ. ನೊರೆ ಇಡೀ ದಿನ ಕಾಟ ಕೊಡುತ್ತದೆ.

ಮಕ್ಕಳು ಕೇಳುತ್ತಾರೆ, ಸೋಪು ಯಾಕೆ ಅಂತ. ಜೀವಕೋಶದ ಪೊರೆ ಕೊಬ್ಬಿನಿಂದ ಆದದ್ದು. ಎಣ್ಣೆ ಪಾತ್ರೆಯ ಜಿಡ್ಡನ್ನು ತೆಗೆಯುವ ಸೋಪು ಇದನ್ನೂ ಒಡೆಯುತ್ತದೆ. ಉಪ್ಪು ಯಾಕೆ? ಡಿಎನ್‌ಎ ಮೇಲೆ ಋಣ ವಿದ್ಯುತ್ ಇರುತ್ತದೆ, ಎಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪಿನ ಸೋಡಿಯಂ ಆ ಋಣವನ್ನು ತಣಿಸುತ್ತದೆ. ಆಗ ಎಳೆಗಳು ಒಟ್ಟಿಗೆ ಸೇರುತ್ತವೆ.

3. ಹಣ್ಣು ಹಿಸುಕಿ. ಕಾಲು ಬಾಳೆಹಣ್ಣು ಜಿಪ್ ಕವರ್‌ಗೆ ಹಾಕಿ, ಗಾಳಿ ತೆಗೆದು, ಎರಡು ನಿಮಿಷ ಬೆರಳಿನಿಂದ ಹಿಸುಕಿ. ಗಂಟು ಉಳಿಯಬಾರದು. ಹಿಸುಕಿದ ನಂತರ ದ್ರಾವಣ ಹಾಕಿ. ಆಮೇಲೆ ಒಂದು ನಿಮಿಷ ಮೆತ್ತಗೆ ಮಸಾಜ್ ಮಾಡಿದಂತೆ ಬೆರೆಸಿದರೆ ಸಾಕು. ದ್ರಾವಣ ಹಾಕಿದ ಮೇಲೆ ಡಿಎನ್‌ಎ ಹೊರಗೆ ಬಂದಿರುತ್ತದೆ. ಆಗ ಜೋರಾಗಿ ಹೊಡೆದರೆ ಉದ್ದ ಎಳೆಗಳು ತುಂಡಾಗುತ್ತವೆ, ಕಡ್ಡಿಗೆ ಸುತ್ತುವುದಿಲ್ಲ. ಮಿಕ್ಸಿ ಬಳಸುವವರು ಇಲ್ಲೇ ಎಡವುವುದು.

ಈರುಳ್ಳಿ ಆದರೆ ಸಣ್ಣಗೆ ಹೆಚ್ಚಿ, ದ್ರಾವಣದಲ್ಲಿ 60 ಡಿಗ್ರಿ ಬಿಸಿ ನೀರಿನ ಮೇಲೆ 15 ನಿಮಿಷ ಇಟ್ಟು, ಕೂಡಲೇ ಐಸ್ ಮೇಲೆ 5 ನಿಮಿಷ ಇಡಿ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳ ಕೆಲಸ ಬಿಸಿಗೆ ನಿಲ್ಲುತ್ತದೆ. ಆದರೆ ಕುದಿಸಬೇಡಿ.

4. ಸೋಸಿ. ಬಟ್ಟೆಯನ್ನು ಹಿಂಡಬಾರದು. ತಾನಾಗಿ ಇಳಿಯಲಿ. ಹಿಂಡಿದರೆ ತಿರುಳು ಕೆಳಗೆ ಬರುತ್ತದೆ. ಪ್ರತಿ ಗುಂಪಿಗೆ 3ರಿಂದ 4 ಎಂಎಲ್ ಸಿಕ್ಕರೆ ಸಾಕು, ಐದು ನಿಮಿಷ ಕಾಯಿರಿ.

5. ಆಲ್ಕೋಹಾಲ್ ಸುರಿಯಿರಿ. ಇಡೀ ದಿನದ ಗೆಲುವು ಸೋಲು ಈ ಒಂದು ನಿಮಿಷದಲ್ಲಿದೆ. ಟ್ಯೂಬನ್ನು ಓರೆ ಹಿಡಿದು, ಗೋಡೆಗೆ ತಾಗಿಸಿ, ಆಲ್ಕೋಹಾಲನ್ನು ನಿಧಾನವಾಗಿ ಜಾರಿಸಿ. ಸೋಸಿದ ರಸದಷ್ಟೇ ಅಥವಾ ಅದರ ಎರಡರಷ್ಟು. ಅದು ಮೇಲೆ ಬೇರೆ ಪದರವಾಗಿ ನಿಲ್ಲಬೇಕು. ನಿಂತ ಮೇಲೆ ಟ್ಯೂಬ್ ಅಲ್ಲಾಡಿಸಬೇಡಿ. ಎರಡು ಪದರ ಸೇರುವ ಜಾಗವನ್ನು ಕಣ್ಣಿನ ಮಟ್ಟಕ್ಕೆ ತಂದು, ಹಿಂದೆ ಕಪ್ಪು ಕಾಗದ ಹಿಡಿದು ನೋಡಿ. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳ ಬಾಲಕ್ಕೆ ತೆಳು ಬಿಳಿ ದಾರ ಅಂಟಿಕೊಂಡು ಮೇಲೆ ಬರುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ನೆನೆದ ಹತ್ತಿಯ ಹಾಗೆ ಒಂದು ಮುದ್ದೆ ತೇಲುತ್ತದೆ.

6. ಸುತ್ತಿ ತೆಗೆಯಿರಿ. ಬಿದಿರು ಕಡ್ಡಿಯನ್ನು ಆ ಗಡಿಯಲ್ಲಿಟ್ಟು ಒಂದೇ ದಿಕ್ಕಿಗೆ ತಿರುಗಿಸಿ.

ಈ ಮುದ್ದೆ ಪೂರ್ತಿ ಡಿಎನ್‌ಎ ಅಲ್ಲ. ಆರ್‌ಎನ್‌ಎ, ಪ್ರೋಟೀನ್, ಹಣ್ಣಿನ ಪೆಕ್ಟಿನ್ ಎಲ್ಲಾ ಸೇರಿರುತ್ತವೆ. ಮಕ್ಕಳಿಗೆ ಇದನ್ನು ಮುಚ್ಚಿಡಬೇಡಿ. "ಇದರಲ್ಲಿ ಡಿಎನ್‌ಎ ಇದೆ ಅಂತ ಹೇಗೆ ಗೊತ್ತು?" ಅಂತ ಒಂದು ಮಗು ಕೇಳಿತು ಅಂದ್ರೆ ಶಿಬಿರ ಸರಿ ದಾರಿಯಲ್ಲಿದೆ. ನಾಲ್ಕನೇ ದಿನದ ಜೆಲ್ ಯಾಕೆ ಬೇಕು ಅನ್ನುವುದಕ್ಕೆ ಆ ಪ್ರಶ್ನೆಯೇ ದಾರಿ.

ತಪ್ಪಿನ ಸೂಚನೆಗಳು

- ಪದರವೇ ಕಾಣದೆ ಎಲ್ಲಾ ಮೋಡದಂತೆ ಆಯಿತು: ಜೋರಾಗಿ ಸುರಿದಿದ್ದೀರಿ. ಅದನ್ನು ಹತ್ತು ನಿಮಿಷ ಐಸ್‌ನಲ್ಲಿಡಿ. ಸ್ವಲ್ಪ ಬರಬಹುದು.
- ಎಳೆಯಿಲ್ಲದ ಜೆಲ್ಲಿಯಂಥ ಗಂಟು: ಅದು ಹೆಚ್ಚಾಗಿ ಪೆಕ್ಟಿನ್. ಮುಂದಿನ ಸಲ ಈರುಳ್ಳಿ ಅಥವಾ ಬಟಾಣಿ ಬಳಸಿ.
- ಏನೂ ಬರಲಿಲ್ಲ: ಮೊದಲು ಆಲ್ಕೋಹಾಲ್ ಶೇಕಡಾವಾರು ನೋಡಿ, ಆಮೇಲೆ ಅದು ಸಾಕಷ್ಟು ತಣ್ಣಗಿತ್ತೇ ನೋಡಿ. ಸೋಪು, ಉಪ್ಪಿನ ತಪ್ಪು ತುಂಬಾ ಅಪರೂಪ.

ಕೆನ್ನೆಯ ಒಳಗಿನ ಜೀವಕೋಶದಿಂದ ತಮ್ಮ ಡಿಎನ್‌ಎ ತೆಗೆಯಲು ಮಕ್ಕಳು ಆಸೆ ಪಡುತ್ತಾರೆ. ಪೋಷಕರ ಒಪ್ಪಿಗೆ ಮೊದಲೇ ಪಡೆದಿದ್ದರೆ ಮಾಡಿಸಿ. ಪ್ರತಿ ಮಗುವಿಗೆ ಸ್ವಂತ ಲೋಟ, ಸ್ವಂತ ಟ್ಯೂಬ್. ಲೋಟ ಕೊನೆಗೆ ಬ್ಲೀಚ್ ನೀರಿಗೆ, ಆಲ್ಕೋಹಾಲ್ ಸೇರಿದ ಟ್ಯೂಬ್ ಮಾತ್ರ ಬ್ಲೀಚ್‌ಗೆ ಬೇಡ. ಒಬ್ಬರದ್ದನ್ನು ಇನ್ನೊಬ್ಬರದ್ದಕ್ಕೆ ಹೋಲಿಸುವ, ಸಂಬಂಧ ಅಥವಾ ಕಾಯಿಲೆ ಹುಡುಕುವ ಯಾವ ಪ್ರಯೋಗವೂ ಶಾಲಾ ಶಿಬಿರದಲ್ಲಿ ಬೇಡ.

## ಹಂತ 2: ಪಿಪೆಟ್ ಕೈಗೆ ಬರಲಿ (ಎರಡನೇ ದಿನ)

ಈ ದಿನವನ್ನು ಬಿಡಲು ಎಲ್ಲರಿಗೂ ಮನಸ್ಸಾಗುತ್ತದೆ. "ನೀರು ತೆಗೆದು ನೀರು ಬಿಡುವುದಕ್ಕೆ ಒಂದು ದಿನವಾ?" ಹೌದು, ಒಂದು ದಿನ. ಮುಂದಿನ ಎರಡು ದಿನಗಳ ಎಲ್ಲ ಫಲಿತಾಂಶ ಹೆಬ್ಬೆರಳಿನ ಮೇಲೆ ನಿಂತಿದೆ.

1. ಮೂರು ಅಳತೆ ಗುರುತಿಸಿ. ಸಾಮಾನ್ಯವಾಗಿ ಸಿಗುವುದು 2ರಿಂದ 20, 20ರಿಂದ 200, 100ರಿಂದ 1000 ಮೈಕ್ರೋಲೀಟರ್‌ನವು. 1000 ಮೈಕ್ರೋಲೀಟರ್ ಅಂದರೆ 1 ಎಂಎಲ್. ಡಯಲ್ಲನ್ನು ಈ ಮಿತಿಯ ಆಚೆ ತಿರುಗಿಸಿದರೆ ಪಿಪೆಟ್ ಹಾಳು. ಇದನ್ನು ಮಕ್ಕಳಿಂದ ಬಾಯಿಪಾಠ ಹೇಳಿಸಿ.

2. ಎರಡು ತಡೆ ತೋರಿಸಿ. ಖಾಲಿ ಪಿಪೆಟ್ ಕೊಟ್ಟು ಬಟನ್ ನಿಧಾನವಾಗಿ ಒತ್ತಲು ಹೇಳಿ. ಒಂದು ಕಡೆ ಹೆಬ್ಬೆರಳಿಗೆ ತಡೆ ಸಿಗುತ್ತದೆ, ಅದು ಮೊದಲ ತಡೆ. ಇನ್ನೂ ಒತ್ತಿದರೆ ಗಟ್ಟಿಯಾಗಿ ಎರಡನೆಯದು. ಕಣ್ಣು ಮುಚ್ಚಿಸಿ ಹತ್ತು ಸಲ ಮಾಡಿಸಿ. ಕಣ್ಣು ಮುಚ್ಚಿದಾಗ ಬೆರಳು ಬೇಗ ಕಲಿಯುತ್ತದೆ.

3. ತೆಗೆಯುವ ಕ್ರಮ. ಮೊದಲ ತಡೆಯವರೆಗೆ ಒತ್ತಿ, ಟಿಪ್ ಅನ್ನು ನೀರಿನಲ್ಲಿ ಎರಡು ಮಿಲಿಮೀಟರ್ ಅದ್ದಿ, ನಿಧಾನವಾಗಿ ಬಿಡಿ. ಬಿಟ್ಟ ಮೇಲೆ ಒಂದು ಕ್ಷಣ ನಿಂತು ಹೊರಗೆ ತೆಗೆಯಿರಿ. ಬಿಡುವಾಗ ಗೋಡೆಗೆ ತಾಗಿಸಿ ಮೊದಲ ತಡೆ, ಆಮೇಲೆ ಎರಡನೆಯದು, ಬಟನ್ ಒತ್ತಿಕೊಂಡೇ ಹೊರಗೆ.

4. ತೂಕದ ಪರೀಕ್ಷೆ. ಸಣ್ಣ ತಕ್ಕಡಿಯ ಮೇಲೆ ಖಾಲಿ ಮುಚ್ಚಳ ಇಟ್ಟು ಸೊನ್ನೆ ಮಾಡಿ. 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ಹಾಕಲಿ. ಒಟ್ಟು 1 ಗ್ರಾಂ ಬರಬೇಕು. 0.97ರಿಂದ 1.03ರ ಒಳಗೆ ಬಂದ ಮಗು ಮುಂದಿನ ಹಂತಕ್ಕೆ. ಬರದಿದ್ದರೆ ಬೈಗುಳ ಬೇಡ, ಇನ್ನೊಂದು ಸುತ್ತು. ಪ್ರತಿಯೊಂದು ಮಗುವೂ ಇದನ್ನು ದಾಟಬೇಕು.

5. ಗುಂಡಿಗೆ ಹಾಕುವ ಅಭ್ಯಾಸ. ಹಿಂದಿನ ಸಂಜೆಯೇ ಚೈನಾ ಗ್ರಾಸ್‌ನಲ್ಲಿ ಗಟ್ಟಿ ಜೆಲ್ ಮಾಡಿ, ಜೆಲ್ ಪೆಟ್ಟಿಗೆಯ ಬಾಚಣಿಗೆ (ಹಲ್ಲುಗಳ ಜಾಗದಲ್ಲಿ ಗುಂಡಿ ಬಿಡುವ ತುಂಡು) ಇಟ್ಟು ಗುಂಡಿ ಬರಿಸಿ, ಮೇಲೆ ನೀರು ನಿಲ್ಲಿಸಿಡಿ. ಬಣ್ಣದ ಸಕ್ಕರೆ ನೀರು 10 ಮೈಕ್ರೋಲೀಟರ್ ಕೊಡಿ. ಸಕ್ಕರೆ ಭಾರ, ಹಾಗಾಗಿ ಕೆಳಗಿಳಿಯುತ್ತದೆ.

ಇಲ್ಲಿ ಮಗುವಿನ ಪಕ್ಕ ಕೂತು ನೋಡಿ. ಮೊಣಕೈ ಮೇಜಿನ ಮೇಲೆ ಊರಿರಬೇಕು. ಎಡಗೈ ಬೆರಳು ಪಿಪೆಟ್‌ನ ಕೆಳಭಾಗಕ್ಕೆ ಆಸರೆ ಕೊಡಬೇಕು. ಟಿಪ್‌ನ ತುದಿ ಗುಂಡಿಯ ಬಾಯಿಯಲ್ಲಿ, ನೀರಿನ ಮಟ್ಟದ ಕೆಳಗೆ ಇರಬೇಕು, ಆದರೆ ಗುಂಡಿಯ ತಳ ಮುಟ್ಟಬಾರದು. ಬಣ್ಣ ತಾನಾಗಿ ಕೆಳಗೆ ಜಾರಿ ಗುಂಡಿ ತುಂಬುವುದು ಕಾಣುತ್ತದೆ. ಮೊದಲ ತಡೆಯಲ್ಲೇ ನಿಲ್ಲಿಸಿ. ಎರಡನೇ ತಡೆಗೆ ಹೋದರೆ ಒಂದು ಗುಳ್ಳೆ ಬಂದು ಇದ್ದದ್ದನ್ನೆಲ್ಲ ಮೇಲಕ್ಕೆ ಎಸೆಯುತ್ತದೆ. ಬಟನ್ ಒತ್ತಿಕೊಂಡೇ ಟಿಪ್ ಹೊರಗೆ. ಒಳಗೇ ಬಿಟ್ಟರೆ ಹಾಕಿದ್ದು ವಾಪಸ್ ಟಿಪ್ ಒಳಗೆ.

ತಪ್ಪಿನ ಸೂಚನೆಗಳು

- ತೂಕ ಯಾವಾಗಲೂ ಜಾಸ್ತಿ: ಎರಡನೇ ತಡೆಯವರೆಗೆ ಒತ್ತಿ ನೀರು ತೆಗೆಯುತ್ತಿದ್ದಾರೆ.
- ತೂಕ ಯಾವಾಗಲೂ ಕಡಿಮೆ: ಬಟನ್ ಛಕ್ಕನೆ ಬಿಡುತ್ತಿದ್ದಾರೆ, ಗಾಳಿ ಸೇರುತ್ತಿದೆ. ಅಥವಾ ಟಿಪ್ ಸಡಿಲ.
- ಪಿಪೆಟ್ಟನ್ನು ಟಿಪ್‌ನಲ್ಲಿ ನೀರಿರುವಾಗಲೇ ಮಲಗಿಸುವುದು: ಕೂಡಲೇ ನಿಲ್ಲಿಸಿ. ನೀರು ಒಳಗೆ ಹೋದರೆ ತುಕ್ಕು.

## ಹಂತ 3: ಜೆಲ್ ಹಾಕಿ, ಬಣ್ಣ ಓಡಿಸಿ (ಮೂರನೇ ದಿನ)

1. ಬಫರ್. 20 ಎಂಎಲ್ ಟಿಎಇ ಗಟ್ಟಿ ದ್ರಾವಣಕ್ಕೆ 980 ಎಂಎಲ್ ಡಿಸ್ಟಿಲ್ಡ್ ವಾಟರ್. ಜೆಲ್‌ಗೂ ಪೆಟ್ಟಿಗೆಗೂ ಇದೇ. ನೀರಿನಲ್ಲೇ ಜೆಲ್ ಮಾಡಿ ಪೆಟ್ಟಿಗೆಗೆ ಮಾತ್ರ ಬಫರ್ ಹಾಕುವ ತಪ್ಪು ತುಂಬಾ ಸಾಮಾನ್ಯ. ಬಣ್ಣದ ಜೆಲ್‌ಗೆ ಮಾತ್ರವಾದರೆ ಲೀಟರ್‌ಗೆ 2 ಗ್ರಾಂ ಅಡುಗೆ ಸೋಡಾ ಹಾಕಿದ ನೀರೂ ನಡೆಯುತ್ತದೆ.

ಉಪ್ಪು ನೀರನ್ನು ಬಫರ್ ಆಗಿ ಬಳಸಬೇಡಿ. ಕರೆಂಟ್ ಹರಿದಾಗ ಕ್ಲೋರಿನ್ ಅನಿಲ ಬರುತ್ತದೆ.

2. ಜೆಲ್ ಕರಗಿಸಿ. 100 ಎಂಎಲ್ ಬಫರ್‌ಗೆ 1 ಗ್ರಾಂ ಅಗರೋಸ್. ಪಾತ್ರೆ ಎರಡರಷ್ಟು ದೊಡ್ಡದಿರಲಿ. ಮೈಕ್ರೋವೇವ್‌ನಲ್ಲಿ 30 ಸೆಕೆಂಡ್ ಇಟ್ಟು ತೆಗೆದು ತಿರುಗಿಸಿ, ಮತ್ತೆ 30 ಸೆಕೆಂಡ್. ಶಾಂತವಾಗಿ ಕಾಣುವ ಅಗರೋಸ್ ಅಲ್ಲಾಡಿಸಿದ ತಕ್ಷಣ ಉಕ್ಕಿ ಕೈ ಮೇಲೆ ಬರಬಹುದು. ಹಾಗಾಗಿ ಈ ಒಂದು ಕೆಲಸ ಶಿಕ್ಷಕರದ್ದೇ. ಬೆಳಕಿಗೆ ಹಿಡಿದಾಗ ಗಾಜಿನ ಚೂರಿನಂಥ ಕಣ ಕಂಡರೆ ಇನ್ನೂ ಕರಗಿಲ್ಲ.

3. ಸುರಿಯಿರಿ. ಸುಮಾರು 60 ಡಿಗ್ರಿಗೆ ಇಳಿದ ಮೇಲೆ. ಬಾಚಣಿಗೆ ತಟ್ಟೆಯ ತಳಕ್ಕಿಂತ ಒಂದು ಮಿಲಿಮೀಟರ್ ಮೇಲಿರಲಿ. ತಳ ಮುಟ್ಟಿದರೆ ಗುಂಡಿಗೆ ತಳವೇ ಇರುವುದಿಲ್ಲ. ಗುಳ್ಳೆಗಳನ್ನು ಟಿಪ್‌ನಿಂದ ಬದಿಗೆ ಸರಿಸಿ.

4. ಗಟ್ಟಿಯಾಗಲಿ. ಪುಸ್ತಕದಲ್ಲಿ 20ರಿಂದ 30 ನಿಮಿಷ ಅಂತಿರುತ್ತದೆ. ಅದು ತಣ್ಣಗಿನ ಲ್ಯಾಬ್‌ಗೆ. ಸಾಮಾನ್ಯ ಅಗರೋಸ್ ಗಟ್ಟಿಯಾಗುವುದು ಸುಮಾರು 36 ಡಿಗ್ರಿಯಲ್ಲಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಮೇ ತಿಂಗಳಲ್ಲಿ ಕೋಣೆಯೇ 38, 40 ಡಿಗ್ರಿ ಇರುತ್ತದೆ. ಅಲ್ಲಿ ಜೆಲ್ ಗಂಟೆಗಟ್ಟಲೆ ಕಾದರೂ ಮೆತ್ತಗೇ ಇರುತ್ತದೆ. "ಅಗರೋಸ್ ಡೂಪ್ಲಿಕೇಟ್" ಅಂತ ಎಷ್ಟೋ ಜನ ಎಸೆಯುವುದು ಈ ಕಾರಣಕ್ಕೆ. ತಟ್ಟೆಯನ್ನು ಸಮತಟ್ಟಾದ ಐಸ್ ಪ್ಯಾಕ್ ಮೇಲೆ ಅಥವಾ ಫ್ರಿಜ್‌ನಲ್ಲಿ 15ರಿಂದ 20 ನಿಮಿಷ ಇಡಿ. ಒಮ್ಮೆ ಗಟ್ಟಿಯಾಯಿತೋ, ಮತ್ತೆ ಕರಗಲು 80 ಡಿಗ್ರಿ ದಾಟಬೇಕು. ಹಾಗಾಗಿ ಆಮೇಲೆ ಕೋಣೆಯ ಸೆಕೆಗೆ ಹೆದರಬೇಕಿಲ್ಲ.

5. ಬಾಚಣಿಗೆ ತೆಗೆಯಿರಿ. ಮೊದಲು ಮೇಲೆ ಬಫರ್ ಸುರಿದು, ಆಮೇಲೆ ನೇರವಾಗಿ ಮೇಲಕ್ಕೆ. ಒಣಗಿದಲ್ಲಿ ಎಳೆದರೆ ಗುಂಡಿ ಹರಿಯುತ್ತದೆ. ಬಫರ್ ಜೆಲ್ ಮೇಲೆ 2ರಿಂದ 3 ಮಿಲಿಮೀಟರ್ ನಿಲ್ಲಲಿ.

6. ಬಣ್ಣ ಹಾಕಿ. ಅಂಗಡಿಯ ಅಡುಗೆ ಬಣ್ಣಕ್ಕೆ ಸ್ವಲ್ಪ ಸಕ್ಕರೆ ಅಥವಾ ಗ್ಲಿಸರಿನ್ ಸೇರಿಸಿ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಬ್ರಿಲಿಯಂಟ್ ಬ್ಲೂ ಇವೆಲ್ಲ ಋಣ ವಿದ್ಯುತ್ ಇರುವ ಬಣ್ಣಗಳು, ಧನ ಧ್ರುವದ ಕಡೆ ಓಡುತ್ತವೆ. ಹಸಿರನ್ನು ಖಂಡಿತ ಹಾಕಿಸಿ. ಅಂಗಡಿಯ ಹಸಿರು ಸಾಮಾನ್ಯವಾಗಿ ಹಳದಿ, ನೀಲಿ ಬೆರೆಸಿ ಮಾಡಿದ್ದು. ಜೆಲ್‌ನಲ್ಲಿ ಅದು ಎರಡಾಗಿ ಬೇರೆಯಾಗುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಜೆಲ್ ಏನು ಮಾಡುತ್ತದೆ ಅಂತ ಅರ್ಥ ಮಾಡಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

7. ಕರೆಂಟ್ ಕೊಡಿ. ಗುಂಡಿಗಳಿರುವ ಕಡೆ ಕಪ್ಪು (ಋಣ) ತಂತಿ, ಆಚೆ ಕಡೆ ಕೆಂಪು (ಧನ). "ಕೆಂಪಿನತ್ತ ಓಟ" ಅಂತ ಬೋರ್ಡ್ ಮೇಲೆ ಬರೆದಿಡಿ. ಎರಡು ತಂತಿಗಳ ನಡುವಿನ ಪ್ರತಿ ಸೆಂಟಿಮೀಟರ್‌ಗೆ 5 ವೋಲ್ಟ್ ಸಾಕು. ಪ್ಲಾಸ್ಟಿಕ್ ಸೋಪ್ ಡಬ್ಬಿಯಲ್ಲಿ ಪೆಟ್ಟಿಗೆ ಮಾಡಿಕೊಂಡರೆ 9 ವೋಲ್ಟ್‌ನ ಐದು ಬ್ಯಾಟರಿ ಸಾಲಾಗಿ ಜೋಡಿಸಿ, 45 ವೋಲ್ಟ್ ಬರುತ್ತದೆ. ತಂತಿಗೆ ತಾಮ್ರ ಬೇಡ, ಅದು ಕರಗಿ ಬಫರ್ ನೀಲಿ ಹಸಿರಾಗುತ್ತದೆ. ಧನ ತುದಿಗೆ ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿ, ಋಣ ತುದಿಗೆ ಸ್ಟೀಲ್ ತಂತಿ ಇರಲಿ. ಮನೆಯ ಪ್ಲಗ್‌ಗೆ ನೇರವಾಗಿ ಯಾವುದನ್ನೂ ಜೋಡಿಸಬಾರದು. ಬ್ಯಾಟರಿಯೇ ಆದರೂ ಕರೆಂಟ್ ಇರುವಾಗ ಬಫರ್‌ಗೆ ಬೆರಳು ಹಾಕುವಂತಿಲ್ಲ. ಮುಚ್ಚಳ ಹಾಕಿದ ಮೇಲೇ ಜೋಡಣೆ, ತೆಗೆಯುವ ಮುಂಚೆ ಕಳಚುವುದು.

ಎರಡೂ ತಂತಿಯಲ್ಲಿ ಸಣ್ಣ ಗುಳ್ಳೆ ಎದ್ದರೆ ಕರೆಂಟ್ ಹರಿಯುತ್ತಿದೆ. ಋಣ ತುದಿಯಲ್ಲಿ ಗುಳ್ಳೆ ಜಾಸ್ತಿ, ಅಲ್ಲಿ ಬರುವುದು ಹೈಡ್ರೋಜನ್.

ತಪ್ಪಿನ ಸೂಚನೆಗಳು

- ಗುಳ್ಳೆಯೇ ಇಲ್ಲ: ತಂತಿ ಸಡಿಲ, ಬ್ಯಾಟರಿ ಖಾಲಿ, ಅಥವಾ ಬಫರ್ ಬದಲು ಬರೀ ನೀರು.
- ಬಣ್ಣ ಹಿಂದಕ್ಕೆ ಓಡುತ್ತಿದೆ: ತಂತಿ ಅದಲುಬದಲು. ಕರೆಂಟ್ ಕಳಚಿ, ಬದಲಾಯಿಸಿ, ಮುಂದುವರಿಸಿ. ಬಣ್ಣ ಗುಂಡಿ ದಾಟಿ ವಾಪಸ್ ಬರುತ್ತದೆ.
- ಪೆಟ್ಟಿಗೆ ಬೆಚ್ಚಗಾಗಿ ಹಬೆ ಕಟ್ಟುತ್ತಿದೆ: ಬಫರ್ ಗಟ್ಟಿಯಾಗಿದೆ ಅಥವಾ ವೋಲ್ಟ್ ಜಾಸ್ತಿ. ಕೂಡಲೇ ನಿಲ್ಲಿಸಿ.
- ಮಧ್ಯೆ ಕರೆಂಟ್ ಹೋಯಿತು: ಹದಿನೈದು, ಇಪ್ಪತ್ತು ನಿಮಿಷ ಆದರೆ ಏನೂ ಆಗಲ್ಲ. ಅಲ್ಲಾಡಿಸದೆ ಬಿಡಿ. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

## ಹಂತ 4: ನಿಜವಾದ ಡಿಎನ್‌ಎ (ನಾಲ್ಕನೇ ದಿನ)

ಬಾಳೆಹಣ್ಣಿನ ಡಿಎನ್‌ಎಯನ್ನೇ ಓಡಿಸೋಣ ಅಂತ ಮಕ್ಕಳು ಹಟ ಹಿಡಿಯುತ್ತಾರೆ. ಒಂದು ಗುಂಡಿಯಲ್ಲಿ ಓಡಿಸಿ, ನೋಡಲಿ. ಆದರೆ ಅದು ಶುದ್ಧವಲ್ಲ, ತುಂಡಾಗಿರುತ್ತದೆ. ಗೆರೆಯ ಬದಲು ಉದ್ದಕ್ಕೆ ಬಳಿದಂತೆ ಕಾಣಬಹುದು. ಸ್ಪಷ್ಟ ಗೆರೆಗೆ ಬೇಕಾದ್ದು ಲ್ಯಾಂಬ್ಡಾ ಎಂಬ ವೈರಸ್‌ನ ಡಿಎನ್‌ಎ. ಈ ವೈರಸ್ ಬ್ಯಾಕ್ಟೀರಿಯಾಗೆ ಮಾತ್ರ ಅಂಟುತ್ತದೆ, ಮನುಷ್ಯರಿಗಲ್ಲ. ಪೋಷಕರಿಗೆ ಇದನ್ನು ಮೊದಲೇ ತಿಳಿಸಿಬಿಡಿ. ಅದರ ಉದ್ದ 48,502 ಬೇಸ್ ಜೋಡಿ (ಡಿಎನ್‌ಎ ಏಣಿಯ ಮೆಟ್ಟಿಲುಗಳ ಲೆಕ್ಕ).

ಬೇರೆ ಬೇರೆ ಗೆರೆ ಬರಬೇಕಾದರೆ ಇದನ್ನು ನಿರ್ದಿಷ್ಟ ಜಾಗಗಳಲ್ಲಿ ತುಂಡು ಮಾಡುವ ಕಿಣ್ವ ಬೇಕು. ಇಲ್ಲಿ ಎರಡು ದಾರಿ ಇದೆ. ಕಿಣ್ವದಿಂದ ಮಕ್ಕಳೇ ಕತ್ತರಿಸುವುದು ಒಂದು. ಮೊದಲೇ ಕತ್ತರಿಸಿದ ಡಿಎನ್‌ಎ ಕೊಂಡು ತರುವುದು ಇನ್ನೊಂದು. ಮೊದಲ ಸಲ ಶಿಬಿರ ಮಾಡುವವರು ಎರಡನೆಯದನ್ನೇ ಆರಿಸಿ ಅನ್ನುವುದು ನನ್ನ ಸಲಹೆ. ಕಿಣ್ವ ಮೈನಸ್ 20 ಡಿಗ್ರಿಯಲ್ಲಿರಬೇಕು. ಬೆಂಗಳೂರಿನಿಂದ ಹಾವೇರಿಗೆ ಬರುವ ಬಸ್ಸಿನಲ್ಲಿ ಐಸ್ ಕರಗಿದರೆ ಕಿಣ್ವ ಸತ್ತಿದೆಯೋ ಬದುಕಿದೆಯೋ ಜೆಲ್ ಮುಗಿಯುವವರೆಗೂ ಗೊತ್ತಾಗುವುದಿಲ್ಲ.

ಕತ್ತರಿಸುವುದಾದರೆ:

1. ಟ್ಯೂಬ್‌ಗೆ ನೀರು 14, ಕಿಣ್ವದ ಜೊತೆ ಬರುವ 10 ಪಟ್ಟು ಗಟ್ಟಿಯ ಬಫರ್ 2, ಡಿಎನ್‌ಎ 3, ಕೊನೆಗೆ ಕಿಣ್ವ 1 ಮೈಕ್ರೋಲೀಟರ್. ಒಟ್ಟು 20. ಕಿಣ್ವ ಯಾವಾಗಲೂ ಕೊನೆಗೆ. ಡಿಎನ್‌ಎ ಸುಮಾರು 1 ಮೈಕ್ರೋಗ್ರಾಂ ಬರುವಂತೆ ಬಾಟಲಿಯ ಲೇಬಲ್ ನೋಡಿ ಅಳತೆ ಹೊಂದಿಸಿ, ಒಟ್ಟು 20 ಉಳಿಯುವಂತೆ ನೀರನ್ನು ಹೆಚ್ಚು ಕಡಿಮೆ ಮಾಡಿ.
2. ಪ್ರತಿ ಹನಿಗೂ ಹೊಸ ಟಿಪ್. ಹಾಕಿದ್ದಕ್ಕೆಲ್ಲ ಬರೆಯುವವರು ಟಿಕ್ ಹಾಕಲಿ.
3. ಥರ್ಮಾಸ್ ಫ್ಲಾಸ್ಕ್‌ನಲ್ಲಿ 37 ಡಿಗ್ರಿ ನೀರು ಮಾಡಿ, ಥರ್ಮೋಕೋಲ್ ತುಂಡಿಗೆ ಟ್ಯೂಬ್ ಸಿಕ್ಕಿಸಿ ಒಂದು ಗಂಟೆ ತೇಲಿಸಿ.

ಕಿಣ್ವ ಬಾಟಲಿ ಶಿಕ್ಷಕರ ಐಸ್ ಡಬ್ಬಿಯಲ್ಲೇ ಇರಲಿ. ಮಕ್ಕಳ ಟ್ಯೂಬ್ ನಿಮ್ಮ ಹತ್ತಿರ ಬರಬೇಕು, ಬಾಟಲಿ ಮೇಜಿನಿಂದ ಮೇಜಿಗೆ ತಿರುಗಬಾರದು.

ಓಡಿಸುವುದು: ಲೋಡಿಂಗ್ ಡೈ ಬೆರೆಸಿ, ಟ್ಯೂಬನ್ನು 65 ಡಿಗ್ರಿಯಲ್ಲಿ 10 ನಿಮಿಷ ಇಟ್ಟು ಐಸ್‌ಗೆ ಹಾಕಿ. ಕೊಂಡು ತಂದ ಡಿಎನ್‌ಎಗೂ ಇದು ಬೇಕು. ಲ್ಯಾಂಬ್ಡಾದ ಎರಡು ತುದಿಗಳು ಒಂದಕ್ಕೊಂದು ಅಂಟುವ ಸ್ವಭಾವದವು. ಬಿಸಿ ಮಾಡದಿದ್ದರೆ ಇರಬೇಕಾದ ಗೆರೆ ಮಸುಕಾಗಿ ಲೆಕ್ಕ ತಪ್ಪುತ್ತದೆ. ಗುಂಡಿಗಳು: ಕತ್ತರಿಸದ ಡಿಎನ್‌ಎ, ಹಿನ್‌ಡಿ-3 ಕಿಣ್ವ ಕತ್ತರಿಸಿದ್ದು, ಇಕೋಆರ್-1 ಕತ್ತರಿಸಿದ್ದು, ಹೆಸರಿಲ್ಲದ ಒಂದು. ಯಾವ ಗುಂಡಿಗೆ ಯಾವುದು ಅಂತ ಹಾಕುವ ಮುಂಚೆಯೇ ನೋಟ್‌ಬುಕ್‌ನಲ್ಲಿ ಚಿತ್ರ ಬರೆಸಿ. ನೀಲಿ ಬಣ್ಣ ಜೆಲ್‌ನ ಮೂರನೇ ಎರಡು ಭಾಗ ದಾಟಿದಾಗ ನಿಲ್ಲಿಸಿ. ಆ ನೀಲಿ ಡಿಎನ್‌ಎ ಅಲ್ಲ ಅಂತ ಮಕ್ಕಳಿಗೆ ಮತ್ತೆ ಮತ್ತೆ ಹೇಳಿ.

ಬಣ್ಣ ಹಾಕುವುದು: ಜೆಲ್ಲನ್ನು 0.025% ಮೆಥಿಲೀನ್ ಬ್ಲೂನಲ್ಲಿ ಅರ್ಧ ಗಂಟೆ ಮುಳುಗಿಸಿ, ನೀರಿಗೆ ಹಾಕಿ, ನೀರು ಬದಲಾಯಿಸುತ್ತಾ ರಾತ್ರಿ ಬಿಡಿ. ಕೈಗವಸು ಬೇಕೇ ಬೇಕು, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಅರ್ಧ ಗಂಟೆಯಲ್ಲೇ "ಏನೂ ಕಾಣಲ್ಲ" ಅಂತ ಜೆಲ್ ಎಸೆಯಬೇಡಿ. ಹಿನ್ನೆಲೆಯ ನೀಲಿ ಇಳಿದಂತೆ ಗೆರೆ ಮೇಲೆ ಬರುತ್ತದೆ.

## ಹಂತ 5: ಗೆರೆ ಓದುವುದು (ಐದನೇ ದಿನ)

ಜೆಲ್ಲನ್ನು ಪಾರದರ್ಶಕ ಹಾಳೆಯಲ್ಲಿ ಸುತ್ತಿ, ಬಿಳಿ ಪರದೆ ತೆರೆದ ಮೊಬೈಲ್ ಮೇಲಿಡಿ. ಗೆರೆಗಳನ್ನು ಮಕ್ಕಳು ಟ್ರೇಸ್ ಮಾಡಲಿ. ಗುಂಡಿಯಿಂದ ಪ್ರತಿ ಗೆರೆಗೆ ಎಷ್ಟು ಮಿಲಿಮೀಟರ್ ಅಂತ ಅಳೆಯಲಿ.

ಹಿನ್‌ಡಿ-3 ಲ್ಯಾಂಬ್ಡಾವನ್ನು 7 ಕಡೆ ಕತ್ತರಿಸಿ 8 ತುಂಡು ಮಾಡುತ್ತದೆ: 23,130, 9,416, 6,557, 4,361, 2,322, 2,027, 564, 125. ಮಕ್ಕಳಿಗೆ ಕಾಣುವುದು ಹೆಚ್ಚೆಂದರೆ ಆರು. ಸಣ್ಣ ತುಂಡಿನಲ್ಲಿ ಬಣ್ಣ ಹಿಡಿಯುವಷ್ಟು ಡಿಎನ್‌ಎ ಇರುವುದಿಲ್ಲ. ಇಕೋಆರ್-1 5 ಕಡೆ ಕತ್ತರಿಸಿ 6 ತುಂಡು: 21,226, 7,421, 5,804, 5,643, 4,878, 3,530. ಇದರಲ್ಲಿ 5,804 ಮತ್ತು 5,643 ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಲ್ಲುತ್ತವೆ, ಒಂದು ದಪ್ಪ ಗೆರೆ ಕಾಣುತ್ತದೆ. ಉತ್ತರವನ್ನು ನೀವು ಹೇಳಬೇಡಿ. "ಆರು ಇರಬೇಕಿತ್ತು, ಐದೇ ಇದೆಯಲ್ಲ, ಇದೊಂದು ಮಾತ್ರ ಯಾಕೆ ದಪ್ಪ?" ಅಂತ ಕೇಳಿ ಸುಮ್ನೆ ಕೂತುಬಿಡಿ. ತುಂಡುಗಳ ಉದ್ದವನ್ನೆಲ್ಲ ಕೂಡಿಸಿ 48,502 ಬರುತ್ತದೋ ನೋಡಲಿ.

10ನೇ ತರಗತಿಯವರಿಗೆ ಸೆಮಿಲಾಗ್ ಹಾಳೆ (ಒಂದು ಅಕ್ಷ ಹತ್ತರ ಪಟ್ಟಿನಲ್ಲಿ ಏರುವ ಗ್ರಾಫ್ ಹಾಳೆ) ಕೊಟ್ಟು ಹಿನ್‌ಡಿ-3 ಗೆರೆಗಳಿಂದ ವಕ್ರರೇಖೆ ಎಳೆಸಿ, ಅದರಿಂದ ಹೆಸರಿಲ್ಲದ ಸ್ಯಾಂಪಲ್‌ನ ತುಂಡುಗಳ ಉದ್ದ ಹುಡುಕಿಸಿ. 8ನೇ ತರಗತಿಗೆ ಗೆರೆಗಳ ಸಾಲು ಹೋಲಿಸಿ ಯಾವುದಕ್ಕೆ ಹೊಂದುತ್ತದೆ ಅಂತ ಹೇಳಿದರೆ ಸಾಕು.

ಜೆಲ್ ಖಾಲಿ ಬಂದರೆ ಈ ಕ್ರಮದಲ್ಲಿ ಹುಡುಕಿ: ತಂತಿ ತಿರುಗುಮುರುಗು ಆಗಿತ್ತೇ? ನೀಲಿ ಬಣ್ಣವೂ ಜೆಲ್ ದಾಟಿ ಹೊರಗೆ ಹೋಯಿತೇ? ಗುಂಡಿ ತೂತಾಗಿತ್ತೇ? ಡಿಎನ್‌ಎ ಕಡಿಮೆಯಿತ್ತೇ? ಮೆಥಿಲೀನ್ ಬ್ಲೂಗೆ ಗುಂಡಿಗೆ ಸುಮಾರು 1 ಮೈಕ್ರೋಗ್ರಾಂ ಬೇಕು. ಒಂದು ಗುಂಪಿನ ಜೆಲ್ ಮಾತ್ರ ಖಾಲಿಯಾದರೆ ಕಾರಣ ಕೈಯಲ್ಲಿದೆ. ಎಲ್ಲ ಗುಂಪಿನದ್ದೂ ಖಾಲಿಯಾದರೆ ಕಾರಣ ಬಫರ್, ಡಿಎನ್‌ಎ ಅಥವಾ ಬಣ್ಣದಲ್ಲಿದೆ. ಖಾಲಿ ಜೆಲ್ಲನ್ನು ಮುಚ್ಚಿಡಬೇಡಿ, ಮಕ್ಕಳ ಜೊತೆ ಕೂತು ಹುಡುಕಿ. ಅವರ ನೋಟ್‌ಬುಕ್‌ನಲ್ಲಿರುವ ಟಿಕ್ ಗುರುತುಗಳು ಆಗ ಕೆಲಸಕ್ಕೆ ಬರುತ್ತವೆ.

## ಕೊನೆಯಲ್ಲಿ ತೊಳೆದಿಡುವುದು

ಇದೂ ಮಕ್ಕಳ ಕೆಲಸವೇ. ಆಲ್ಕೋಹಾಲ್ ಸೇರಿದ್ದನ್ನು ಮುಚ್ಚಳದ ಡಬ್ಬಿಗೆ ಬೇರೆ ಸಂಗ್ರಹಿಸಿ, ಬೆಂಕಿಯಿಂದ ದೂರ ಇಡಿ, ಪಿಪೆಟ್ ಕೊಟ್ಟ ಕಾಲೇಜಿನ ರಾಸಾಯನಿಕ ಕಸದ ಜೊತೆ ಕೊಟ್ಟುಬಿಡಿ. ಅಡುಗೆ ಬಣ್ಣದ ಜೆಲ್ ಒಣ ಕಸಕ್ಕೆ. ಮೆಥಿಲೀನ್ ಬ್ಲೂ ದ್ರಾವಣವನ್ನು ಸೋಸಿ ಕಪ್ಪು ಬಾಟಲಿಯಲ್ಲಿ ಲೇಬಲ್ ಹಾಕಿಡಿ, ಮತ್ತೆ ಬಳಸಬಹುದು. ಜೆಲ್ ಪೆಟ್ಟಿಗೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಒರೆಸಬೇಡಿ, ಪ್ಲಾಟಿನಂ ತಂತಿ ಇದ್ದರೆ ತುಂಡಾಗುತ್ತದೆ. ಪಿಪೆಟ್‌ಗಳ ಡಯಲ್ಲನ್ನು ಅದರದರ ಗರಿಷ್ಠ ಅಳತೆಗೆ ತಿರುಗಿಸಿ ನಿಲ್ಲಿಸಿಡಿ. ಹಾಗಿಟ್ಟರೆ ಒಳಗಿನ ಸ್ಪ್ರಿಂಗ್ ಸಡಿಲವಾಗಿರುತ್ತದೆ. ಬ್ಯಾಟರಿಗಳನ್ನು ಒಂದೊಂದಾಗಿ ಕಳಚಿ, ತುದಿಗೆ ಟೇಪ್ ಅಂಟಿಸಿ.